ಮಳೆಯ ಊರಲ್ಲಿ ನೀರು ಹಿಡಿಯಲು ಸಹಾಯಧನ

ಮಂಗಳೂರಲ್ಲಿ ವರ್ಷಕ್ಕೆ 3,500 ಮಿಲಿಮೀಟರಿನಷ್ಟು ಮಳೆ. ಆದರೂ ಮಾರ್ಚ್ ಬಂತೆಂದರೆ ಸುತ್ತಲಿನ ಅಡಿಕೆ ತೋಟಗಳಲ್ಲಿ ಎಷ್ಟೋ ಬಾವಿಗಳು ತಳ ಕಾಣುತ್ತವೆ!

ಬಿದ್ದ ನೀರು ಇಳಿಜಾರಲ್ಲಿ ಓಡಿ ಕಡಲು ಸೇರುತ್ತದೆ. ಅದನ್ನು ತಡೆಯಲು ತೋಡು, ಹೊಳೆಗಳಿಗೆ ಕಿಂಡಿ ಅಣೆಕಟ್ಟು. ಮಳೆ ನಿಂತ ಮೇಲೆ ಹಲಗೆ ಇಳಿಸುತ್ತಾರೆ, ಮುಂಗಾರಿಗೆ ಮೊದಲು ತೆಗೆಯುತ್ತಾರೆ. ನೀರು ನಿಂತಷ್ಟು ದಿನ ಪಕ್ಕದ ಬಾವಿಗಳಿಗೂ ಒರತೆ. ಕರಾವಳಿಯಲ್ಲಿ ಇದಕ್ಕೆಂದೇ ಸಣ್ಣ ನೀರಾವರಿ ಇಲಾಖೆಯ 'ಪಶ್ಚಿಮ ವಾಹಿನಿ' ಯೋಜನೆಯಿದೆ.

ತೋಟದೊಳಗೆ? ಹನಿ ನೀರಾವರಿ.

ಕೇಂದ್ರದ ಮಾರ್ಗಸೂಚಿಯಂತೆ ಘಟಕ ವೆಚ್ಚದಲ್ಲಿ ಸಣ್ಣ, ಅತಿಸಣ್ಣ ರೈತರಿಗೆ ಶೇ. 55, ಉಳಿದವರಿಗೆ ಶೇ. 45 ಸಹಾಯಧನ. ಅದರ ಮೇಲೆ ರಾಜ್ಯ ಇನ್ನಷ್ಟು ಸೇರಿಸುತ್ತದೆ.

ಅಡಿಕೆ, ತೆಂಗು ಬೆಳೆಗಾರರು ತೋಟಗಾರಿಕೆ ಇಲಾಖೆಗೆ, ಭತ್ತದವರು ರೈತ ಸಂಪರ್ಕ ಕೇಂದ್ರಕ್ಕೆ ಹೋಗಬೇಕು. ಕೈಯಲ್ಲಿ ಪಹಣಿ, ಆಧಾರ್, ಪಾಸ್‌ಬುಕ್, ರೈತರ ನೋಂದಣಿಯ ಫ್ರೂಟ್ಸ್ ಐಡಿ. ಪೈಪು ಕೊಳ್ಳುವುದು ಮಂಜೂರಾದ ಮೇಲೆ.