ಆಟಗಾರನ ಮಾತು, ಆಟದ ಬೆಲೆ

ರಾಯಚೂರು ಜಿಲ್ಲೆಯ ಸಿಂಧನೂರು ತಾಲ್ಲೂಕಿನ ದಢೇಸುಗೂರಿನಲ್ಲಿ ಕೃಷಿ ಸಂಶೋಧನ ಕೇಂದ್ರವೊಂದಿದೆ. ತುಂಗಭದ್ರಾ ಎಡದಂಡೆ ಕಾಲುವೆಯ ನೀರುಂಡು ಭತ್ತ ಬೆಳೆಯುವ ಸೀಮೆ ಅದು. ಹೊಸ ಭತ್ತದ ತಳಿಯೊಂದು ಸಿದ್ಧವಾದೊಡನೆ ಅದನ್ನು ಊರೂರಿಗೆ ಹಂಚಿಬಿಡುವ ಪದ್ಧತಿಯಿಲ್ಲ. ಮೊದಲು ಸಂಶೋಧನ ಕೇಂದ್ರದ ಮಡಿಗಳಲ್ಲಿ, ಅನಂತರ ಬೇರೆ ಬೇರೆ ಸ್ಥಳಗಳಲ್ಲಿ, ಕಡೆಗೆ ಕೆಲವು ರೈತರ ಗದ್ದೆಗಳಲ್ಲಿಯೇ ಬೆಳೆದು ನೋಡಬೇಕು. ಆಗ ರೈತನು ಏನು ಹೇಳಿದನೆಂಬುದನ್ನು ಕೇಳಬೇಕು. ಮರುವರ್ಷ ಅವನು ಅದೇ ಬೀಜವನ್ನು ಮತ್ತೆ ಬಿತ್ತಿದನೆ ಎಂಬುದನ್ನೂ ನೋಡಬೇಕು. ಇವೆರಡೂ ಒಂದೇ ಅಲ್ಲ. 1986ರಲ್ಲಿ ಆಂಧ್ರದ ಬಾಪಟ್ಲದಿಂದ ಹೊರಬಂದ ಸಾಂಬ ಮಸೂರಿ ತಳಿಗೆ ಬೆಂಕಿರೋಗವೂ ಎಲೆ ಒಣಗುವ ರೋಗವೂ ಬೇಗ ತಗಲುತ್ತವೆಂದು ಬೆಳೆದವರೆಲ್ಲ ದೂರಿದರು. ದೂರಿದವರೇ ಅದನ್ನು ಮತ್ತೆ ಮತ್ತೆ ನಾಟಿಮಾಡಿದರು. ಸಣ್ಣಕ್ಕಿಗೆ ಪೇಟೆಯಲ್ಲಿ ಬೆಲೆಯುಂಟು ಎಂಬುದೇ ಕಾರಣ.

ಭತ್ತದ ಮಾತಿನಿಂದ ವಿಡಿಯೊ ಆಟದ ಮಾತಿಗೆ ಹಾರಿದರೆ ವಾಚಕರು ನಗಬಹುದು. ಆದರೆ ದೊಡ್ಡ ಸಂಸ್ಥೆಯ ಬೆಂಬಲವಿಲ್ಲದೆ ಇಬ್ಬರೋ ಮೂವರೋ ಸೇರಿ ಸ್ವತಂತ್ರವಾಗಿ ರಚಿಸುವ ಆಟಕ್ಕೂ ಒದಗುವ ಸಮಸ್ಯೆ ಇದೇ.

ದಢೇಸುಗೂರಿನ ಇಬ್ಬರು ವಿದ್ಯಾರ್ಥಿಗಳು ಒಂದು ಆಟವನ್ನು ರಚಿಸಿದರೆಂದು ಭಾವಿಸೋಣ. ಆಟಗಾರನು ಕಾಲುವೆಯ ತೂಬುಗಳನ್ನು ತೆರೆದು ಮುಚ್ಚಿ, ಕೊನೆಭಾಗದ ರೈತನ ಗದ್ದೆಗೂ ನೀರು ಮುಟ್ಟಿಸಬೇಕು. ಎರಡು ವರ್ಷದ ಬಿಡುವಿನ ವೇಳೆಯೆಲ್ಲ ಇದಕ್ಕೆ ಸಂದಿದೆ. ಐವರು ಗೆಳೆಯರಿಗೆ ಆಡಲು ಕೊಟ್ಟಾಗ ಮೂವರು, “ಮೂರನೆಯ ತೂಬು ಬಹಳ ಕಷ್ಟ” ಎಂದರು. ಅದನ್ನು ಸುಲಭಗೊಳಿಸಬೇಕೆ?

ಅವಸರ ಕೂಡದು. ಐವರಲ್ಲಿ ಮೂವರೆಂದರೆ ನೂರಕ್ಕೆ ಅರವತ್ತು, ನಿಜ. ಆದರೆ ಸಂಖ್ಯಾಶಾಸ್ತ್ರದ ಪ್ರಕಾರ, ನೂರಕ್ಕೆ 95ರ ಭರವಸೆಯೊಡನೆ ಹೇಳುವುದಾದರೆ, ಇಡೀ ಆಟಗಾರ ಸಮುದಾಯದಲ್ಲಿ ಹಾಗೆನ್ನುವವರು ನೂರಕ್ಕೆ 15ರಷ್ಟು ಕಡಮೆಯೂ ಇರಬಹುದು, 95ರಷ್ಟು ಹೆಚ್ಚೂ ಇರಬಹುದು. ನೂರು ಮಂದಿಯನ್ನು ಕೇಳಿ ಅರವತ್ತು ಮಂದಿ ಹಾಗೆಂದರೆ ಈ ಅಂತರ 50ರಿಂದ 70ರೊಳಗೆ ಕುಗ್ಗುತ್ತದೆ. ಅದೂ ಆ ನೂರು ಮಂದಿಯನ್ನು ಪಕ್ಷಪಾತವಿಲ್ಲದೆ ಆರಿಸಿದ್ದರೆ ಮಾತ್ರ. ಗೆಳೆಯರು ದಾಕ್ಷಿಣ್ಯಕ್ಕೆ ಹೊಗಳುವವರು. ಅವರು ಎಷ್ಟು ಮಂದಿಯಿದ್ದರೂ ಲೆಕ್ಕಕ್ಕೆ ಬಾರದು.

ಇನ್ನೂ ಸೂಕ್ಷ್ಮವಾದ ತೊಡಕೊಂದಿದೆ. ಎರಡನೆಯ ಮಹಾಯುದ್ಧದಲ್ಲಿ ಗುಂಡೇಟು ತಿಂದು ಮರಳಿದ ವಿಮಾನಗಳ ವಿಷಯವನ್ನು ಪರಿಶೀಲಿಸಿದ ಗಣಿತಜ್ಞ ಅಬ್ರಹಾಂ ವಾಲ್ಡ್, ಮರಳಿ ಬಾರದ ವಿಮಾನಗಳನ್ನೂ ಲೆಕ್ಕಕ್ಕೆ ಹಿಡಿಯಬೇಕೆಂದು ತೋರಿಸಿಕೊಟ್ಟನು. ಮರಳಿದ ವಿಮಾನಗಳಲ್ಲಿ ಯಾವ ಭಾಗಕ್ಕೆ ಏಟು ಕಡಮೆಯಾಗಿ ಕಾಣುವುದೋ ಅಲ್ಲಿಯೇ ಅಪಾಯ ಹೆಚ್ಚು. ಅಲ್ಲಿ ಏಟು ತಿಂದವು ಹಿಂದಿರುಗಲೇ ಇಲ್ಲ. (ಈ ವಾಲ್ಡ್ 1950ರ ಡಿಸೆಂಬರಿನಲ್ಲಿ, ಭಾರತದಲ್ಲಿ ಉಪನ್ಯಾಸ ಪ್ರವಾಸದಲ್ಲಿದ್ದಾಗ, ನೀಲಗಿರಿಯಲ್ಲಿ ವಿಮಾನಾಪಘಾತಕ್ಕೆ ತುತ್ತಾದನೆಂಬುದು ವಿಧಿಯ ಕ್ರೂರ ವಿನೋದ.) ಆಟಕ್ಕೆ ಇದನ್ನು ಅನ್ವಯಿಸಿ ನೋಡಿ. ಅಭಿಪ್ರಾಯ ಬರೆದು ಕಳುಹಿಸುವವನು ಕೊನೆಯವರೆಗೂ ಆಡಿದವನು. ಮೊದಲ ತೂಬಿನಲ್ಲಿಯೇ ಬೇಸತ್ತು ಎದ್ದುಹೋದವನು ಏನನ್ನೂ ಬರೆಯುವುದಿಲ್ಲ. ಮೂರನೆಯ ತೂಬಿನ ಬಗೆಗೆ ಬಂದ ದೂರುಗಳಿಗಿಂತ ಮೊದಲನೆಯದರ ಬಗೆಗಿನ ಮೌನವೇ ಹೆಚ್ಚು ಭಯಂಕರವಾಗಿರಬಹುದು.

ಆದುದರಿಂದ ಮಾತಿನ ಜೊತೆಗೆ ನಡತೆಯನ್ನೂ ಅಳೆಯಬೇಕು. ಅಮೆರಿಕದ ಸಿಯಾಟಲ್ ನಗರದ ‘ಮೆಗಾ ಕ್ರಿಟ್’ ಎಂಬ ಪುಟ್ಟ ಸಂಸ್ಥೆ ‘ಸ್ಲೇ ದ ಸ್ಪೈರ್’ ಎಂಬ ಕಾರ್ಡುಗಳ ಆಟವನ್ನು 2017ರ ನವೆಂಬರಿನಲ್ಲಿ, ಅದಿನ್ನೂ ಅಪೂರ್ಣವಾಗಿದ್ದಾಗಲೇ, ಮಾರಾಟಕ್ಕಿಟ್ಟಿತು. ಯಾವ ಕಾರ್ಡನ್ನು ಆಟಗಾರರು ತೆಗೆದುಕೊಂಡರು, ಯಾವುದನ್ನು ಬಿಟ್ಟರು, ಎಲ್ಲಿ ಸೋತರು ಎಂಬ ವಿವರಗಳನ್ನು ಸಂಗ್ರಹಿಸಿ, ಅವನ್ನು ಆಟಗಾರರ ಮಾತಿನೊಡನೆ ತೂಗಿ ನೋಡಿ, ಆಟವನ್ನು ತಿದ್ದುತ್ತ ಹೋಗಿ 2019ರ ಜನವರಿಯಲ್ಲಿ ಪೂರ್ಣರೂಪ ಹೊರತಂದಿತು. ನಮ್ಮ ವಿದ್ಯಾರ್ಥಿಗಳೂ, ಆಟಗಾರರ ಒಪ್ಪಿಗೆ ಪಡೆದು, ಯಾವ ತೂಬಿನಲ್ಲಿ ಎಷ್ಟು ಮಂದಿ ಆಟ ನಿಲ್ಲಿಸಿದರೆಂದು ಎಣಿಸಬಹುದು. ಆದರೆ ಅಂಕಿಗಳು ಎಲ್ಲಿ ನಿಂತರೆಂದು ಹೇಳುತ್ತವೆ, ಏಕೆ ನಿಂತರೆಂದು ಹೇಳಲಾರವು. ಅದಕ್ಕೆ ಆಟಗಾರನ ಬಾಯಿಯೇ ಬೇಕು. ಆಗಲೂ ಅವನು ಸೂಚಿಸುವ ಪರಿಹಾರಕ್ಕಿಂತ ಹೇಳುವ ನೋವಿಗೆ ಹೆಚ್ಚು ಬೆಲೆ ಕೊಡಬೇಕೆಂದು ನಮ್ಮ ಅಭಿಪ್ರಾಯ. “ತೂಬನ್ನು ಸುಲಭ ಮಾಡಿ” ಎಂದವನಿಗೆ ತೂಬು ತೆರೆದಿದೆಯೋ ಮುಚ್ಚಿದೆಯೋ ಚಿತ್ರದಲ್ಲಿ ಕಾಣದೆ ಹೋದುದೇ ನಿಜವಾದ ತೊಂದರೆಯಾಗಿರಬಹುದು!

ಈಗ ಬೆಲೆಯ ಮಾತು. “ಇದಕ್ಕೆ ಎಷ್ಟು ಕೊಡುವಿರಿ?” ಎಂದು ಕೇಳಿದರೆ ಯಾರೂ ನಿಜ ಹೇಳರು, ಕೊಳ್ಳುವವನು ಕಡಮೆ ಹೇಳುತ್ತಾನೆ, ಗೆಳೆಯನು ಹೆಚ್ಚು ಹೇಳುತ್ತಾನೆ. ಗಣಕಯಂತ್ರದ ಆಟಗಳನ್ನು ಮಾರುವ ಪ್ರಸಿದ್ಧ ಅಂಗಡಿಯಾದ ‘ಸ್ಟೀಮ್’ ಸಾಮಾನ್ಯವಾಗಿ ಬೆಲೆಯ ನೂರಕ್ಕೆ 30 ಭಾಗವನ್ನು ತಾನಿಟ್ಟುಕೊಳ್ಳುತ್ತದೆ. 100 ರೂಪಾಯಿಗೆ 1000 ಮಂದಿ ಕೊಳ್ಳುವರೆಂದು ಊಹಿಸಿದರೆ ರಚಿಸಿದವರಿಗೆ ಉಳಿಯುವುದು 70,000 ರೂಪಾಯಿ. 200ಕ್ಕೆ 600 ಮಂದಿಯಾದರೆ 84,000. 300ಕ್ಕೆ 300 ಮಂದಿಯಾದರೆ 63,000. ತೆರಿಗೆ ಮುಂತಾದುವನ್ನು ಇಲ್ಲಿ ಬಿಟ್ಟಿದ್ದೇವೆ. ಅಗ್ಗವಾದಷ್ಟೂ ಲಾಭವೆಂಬ ನಂಬಿಕೆ ಹೇಗೆ ಹುಸಿಯಾಗಬಹುದೆಂದು ಇದರಿಂದ ತಿಳಿಯುತ್ತದೆ. ಇದೇ ಅಂಗಡಿಯಲ್ಲಿ 2015ರಿಂದ, ಕೊಂಡು 14 ದಿನದೊಳಗೆ, ಎರಡು ಗಂಟೆಗಿಂತ ಕಡಮೆ ಆಡಿದವನು ಹಣವನ್ನು ಹಿಂದಕ್ಕೆ ಪಡೆಯಬಹುದು. ರಚಿಸಿದವರಿಗೆ ಇದು ಕಹಿಯಾದರೂ, ಬೆಲೆಯ ಬಗೆಗೆ ದೊರೆಯುವ ಅತ್ಯಂತ ಪ್ರಾಮಾಣಿಕ ಉತ್ತರಗಳಲ್ಲಿ ಒಂದು.

ನಮ್ಮ ಉಡುಪಿಯ ‘99 ಗೇಮ್ಸ್’ ಸಂಸ್ಥೆಯವರ ‘ಸ್ಟಾರ್ ಶೆಫ್’ (2014) ಬೇರೊಂದು ದಾರಿ ಹಿಡಿಯಿತು: ಅಡುಗೆಮನೆಯ ಈ ಆಟವನ್ನು ಉಚಿತವಾಗಿಯೇ ಆಡಬಹುದು, ಒಳಗಿನ ಕೆಲವು ಸವಲತ್ತುಗಳಿಗೆ ಮಾತ್ರ ಹಣ. ಇಬ್ಬರೇ ರಚಿಸಿದ ಆಟಕ್ಕೆ ಈ ದಾರಿ ಕಷ್ಟ. ಕೊಡದೆ ಆಡುವವರೇ ಬಹುಮಂದಿಯಾದುದರಿಂದ ಆಟಗಾರರ ಸಂಖ್ಯೆ ಅಪಾರವಾಗಿರಬೇಕು.

ಮೆಟ್ಟಲುಮೆಟ್ಟಲಾಗಿ ಏರುವ ಬೆಲೆ ಅವರಿಗೆ ಹೆಚ್ಚು ಒಪ್ಪೀತು. ಸ್ವೀಡನ್ನಿನ ಮಾರ್ಕುಸ್ ಪೆರ್ಸನ್ 2009ರಲ್ಲಿ ‘ಮೈನ್‌ಕ್ರಾಫ್ಟ್’ ಆಟದ ಅಪೂರ್ಣ ರೂಪವನ್ನು ಸುಮಾರು 10 ಯೂರೋಗಳಿಗೆ ಮಾರತೊಡಗಿದನು. 2010ರ ಡಿಸೆಂಬರಿನಲ್ಲಿ ಅದು 15 ಆಯಿತು, 2011ರ ನವೆಂಬರಿನಲ್ಲಿ ಪೂರ್ಣಗೊಂಡಾಗ 20. ಅರೆಬರೆ ಆಟವನ್ನು ನಂಬಿ ಕೊಂಡವನು ಕಡಮೆ ತೆತ್ತನು. ಅದು ಅವನ ಸಾಹಸಕ್ಕೆ ಸಂದ ಕೂಲಿ. ಬೆಲೆಯನ್ನು ಮೊದಲು ಏರಿಸಿಟ್ಟು ಆಮೇಲೆ ಇಳಿಸಿದರೆ, ಆಟವನ್ನು ತಿದ್ದಲು ನೆರವಾದ ಆ ಮೊದಲಿಗರೇ ಮೋಸಹೋದಂತೆ. ಪ್ರಾಗ್ ನಗರದ ‘ವೂಬೆ’ ಸಂಸ್ಥೆಯವರು ತಮ್ಮ ‘ಫ್ಯಾಕ್ಟೋರಿಯೊ’ ಆಟಕ್ಕೆ ರಿಯಾಯಿತಿ ಕೊಡುವುದಿಲ್ಲವೆಂದೇ ಸಾರಿದರು. 20 ಡಾಲರಿದ್ದ ಅದರ ಬೆಲೆಯನ್ನು 2018ರಲ್ಲಿ 30ಕ್ಕೆ, 2023ರಲ್ಲಿ 35ಕ್ಕೆ ಏರಿಸಿದರು.