ಬಚ್ಚಲಿನ ಕಪ್ಪು ಗೆರೆ

ಸ್ನಾನದ ಟಬ್ಬು ಗೋಡೆಗೆ ತಾಗುವ ಸಂದಿನಲ್ಲಿ, ವಾಷ್ ಬೇಸಿನ್ನಿನ ಹಿಂಬದಿಯಲ್ಲಿ, ಕಮೋಡಿನ ಬುಡದಲ್ಲಿ ರಬ್ಬರಿನಂಥ ಒಂದು ಬಿಳಿ ಪಟ್ಟಿ ಇರುತ್ತದೆ. ಹಾರ್ಡ್‌ವೇರ್ ಅಂಗಡಿಯಲ್ಲಿ ಅದನ್ನು ಸಿಲಿಕಾನ್ ಎನ್ನುತ್ತಾರೆ. ಕೆಲವು ಮಳೆಗಾಲ ಕಳೆಯುವಷ್ಟರಲ್ಲಿ ಅದರ ಮೇಲೆ ಸಾಸಿವೆ ಚೆಲ್ಲಿದಂತೆ ಕಪ್ಪು ಚುಕ್ಕೆಗಳು ಏಳುತ್ತವೆ, ಬರಬರುತ್ತಾ ಕೂಡಿಕೊಂಡು ಗೆರೆಯಾಗುತ್ತವೆ. ಆಗ ಸಾಮಾನ್ಯವಾಗಿ ಬ್ಲೀಚ್ ಹಾಕಿ ಉಜ್ಜುತ್ತಾರೆ, ಇಲ್ಲವೇ ಅದರ ಮೇಲೆಯೇ ಹೊಸ ಸಿಲಿಕಾನ್ ಎಳೆಸುತ್ತಾರೆ. ಬೇರೂರಿದ ಬೂಷ್ಟಿಗೆ ಇವೆರಡೂ ದಂಡ. ಹಳೆಯದನ್ನು ಬುಡಸಹಿತ ಕಿತ್ತು, ಸಂದನ್ನು ಒಣಗಿಸಿ, ಹೊಸದಾಗಿ ತುಂಬುವುದೊಂದೇ ದಾರಿ.

ಬೂಷ್ಟು ಬದುಕುವುದು ಸಿಲಿಕಾನನ್ನು ತಿಂದಲ್ಲ. ಅದರ ಮೇಲೆ ಕೂತ ಸೋಪಿನ ಜಿಡ್ಡು, ಮೈಯಿಂದ ಉದುರಿದ ಎಣ್ಣೆ, ಚರ್ಮದ ಹುಡಿಯೇ ಅದಕ್ಕೆ ಊಟ. ಬಚ್ಚಲಿಗೆಂದೇ ತಯಾರಾದ ಸಿಲಿಕಾನಿನಲ್ಲಿ ಬೂಷ್ಟು ತಡೆಯುವ ರಾಸಾಯನಿಕ ಬೆರೆತಿರುತ್ತದಾದರೂ ವರ್ಷಗಳ ನೀರಿನಲ್ಲಿ ಅದೂ ತೊಳೆದುಹೋಗುತ್ತದೆ. ಆಮೇಲೆ ಅಂಚು ಎಲ್ಲಾದರೂ ಕೂದಲೆಳೆಯಷ್ಟು ಬಿಟ್ಟುಕೊಂಡರೆ ಸಾಕು, ನೀರು ಹಿಂದಕ್ಕೆ ಇಳಿದು ನಿಲ್ಲುತ್ತದೆ. ಅಂಥ ಪಟ್ಟಿಯನ್ನು ಕಿತ್ತು ಮಗುಚಿ ನೋಡಿದರೆ, ಮುಖದಲ್ಲಿ ನಾಲ್ಕೇ ಚುಕ್ಕೆ ಇದ್ದರೂ ಬೆನ್ನೆಲ್ಲ ಕಪ್ಪು ಲೋಳೆ, ಮುಗ್ಗಲು ವಾಸನೆ. ಅಲ್ಲಿಗೆ ಬ್ರಷ್ಷೂ ತಲುಪದು, ಬ್ಲೀಚೂ ತಲುಪದು. ಇನ್ನೂ ಮೇಲ್ಮೈಯಲ್ಲಷ್ಟೇ ಇರುವ ಎಳೆಯ ಬೂಷ್ಟು ಬ್ಲೀಚಿಗೆ ಹೋಗುವುದುಂಟು, ನಿಜ. ಆದರೆ ಕಮೋಡ್ ತೊಳೆಯುವ ಆ್ಯಸಿಡ್ಡಿನ ಜೊತೆ ಅದನ್ನು ಎಂದೂ ಸೇರಿಸಬಾರದು. ಎರಡೂ ಬೆರೆತರೆ ಕ್ಲೋರಿನ್ ಅನಿಲ ಹೊರಡುತ್ತದೆ, ಬಾಗಿಲು ಮುಚ್ಚಿದ ಬಚ್ಚಲಲ್ಲಿ ಅದು ಪ್ರಾಣಕ್ಕೇ ಕುತ್ತು.

ಹಳೆಯದರ ಮೇಲೆ ಹೊಸದು ಏಕೆ ನಿಲ್ಲದು? ಗಟ್ಟಿಯಾದ ಸಿಲಿಕಾನಿಗೆ ಯಾವುದೂ ಸರಿಯಾಗಿ ಅಂಟುವುದಿಲ್ಲ, ಹೊಸ ಸಿಲಿಕಾನ್ ಕೂಡ. ಆದ್ದರಿಂದ ಬ್ಲೇಡಿನಿಂದ ಪಟ್ಟಿಯ ಮೇಲಂಚು, ಕೆಳಅಂಚು ಎರಡನ್ನೂ ಕೊಯ್ದು ಎಳೆದು ತೆಗೆಯಬೇಕು. ಉಳಿದ ತೆಳು ಪೊರೆಯನ್ನು ಟಬ್ಬಿಗೆ ಗೀರು ಬೀಳದಂತೆ ಪ್ಲಾಸ್ಟಿಕ್ ಪಟ್ಟಿಯಿಂದ ಕೆರೆದು, ಸ್ಪಿರಿಟ್ಟಿನಲ್ಲಿ ಒರೆಸಿ, ಒಂದು ದಿನವಾದರೂ ಒಣಗಲು ಬಿಡಬೇಕು. ಮಲೆನಾಡು, ಕರಾವಳಿಯವರು ಈ ಕೆಲಸವನ್ನು ಮಳೆ ಕಳೆದ ಮೇಲೆ ಇಟ್ಟುಕೊಳ್ಳುವುದು ಲೇಸು, ಆಷಾಢದ ಥಂಡಿಯಲ್ಲಿ ಸಂದು ಒಣಗುವುದೇ ಇಲ್ಲ.

ಇಷ್ಟೆಲ್ಲ ಯಾಕೆ, ವೈಟ್ ಸಿಮೆಂಟ್ ಮೆತ್ತಿದರಾಗದೇ ಎಂದು ಕೇಳುವವರಿದ್ದಾರೆ. ಟೈಲ್ಸಿನ ನಡುವೆ ಸರಿ. ಆದರೆ ಟಬ್ಬೂ ಗೋಡೆಯೂ ಒಂದೇ ಥರ ಅಲುಗುವುದಿಲ್ಲ. ನೀರು ತುಂಬಿ ಆಳು ಕೂತರೆ ಅಕ್ರಿಲಿಕ್ ಟಬ್ಬು ತುಸು ಕೆಳಗಿಳಿದು ಸಂದು ಅಗಲವಾಗುತ್ತದೆ, ಬಾಗದ ಸಿಮೆಂಟು ಬಿರುಕು ಬಿಡುತ್ತದೆ. ಬಲ್ಲ ಕೆಲಸಗಾರರು ಟಬ್ಬಿಗೆ ನೀರು ತುಂಬಿಸಿಟ್ಟೇ ಸಿಲಿಕಾನ್ ಎಳೆಯುವುದು, ಅದು ಗಟ್ಟಿಯಾಗುವವರೆಗೆ ಆ ನೀರನ್ನು ಹೊರಬಿಡದಿರುವುದು ಇದಕ್ಕೇ. ಕೊಳ್ಳುವಾಗ ಇನ್ನೊಂದು ಎಚ್ಚರ: ವಿನೆಗರ್ ವಾಸನೆ ಬರುವ ಸಿಲಿಕಾನ್ ಆರುವಾಗ ಅಸಿಟಿಕ್ ಆಮ್ಲ ಬಿಡುತ್ತದೆ, ಅದು ಅಮೃತಶಿಲೆಯನ್ನು ತಿನ್ನುತ್ತದೆ. ಕಲ್ಲಿನ ಪಕ್ಕಕ್ಕೆ ‘ನ್ಯೂಟ್ರಲ್’ ಎಂದು ಬರೆದಿರುವುದನ್ನೇ ಕೇಳಿ ತರಬೇಕು.

ಮತ್ತೆ ಕಪ್ಪಾಗುವುದಿಲ್ಲವೇ? ಗಾಳಿಯಾಡದಿದ್ದರೆ ಖಂಡಿತ ಆಗುತ್ತದೆ. ಸ್ನಾನದ ನಂತರ ಅರ್ಧ ಗಂಟೆ ಎಕ್ಸಾಸ್ಟ್ ಫ್ಯಾನ್ ಓಡಿಸಿ, ಸಂದನ್ನು ಒಣಬಟ್ಟೆಯಿಂದ ಒರೆಸಿದರೆ ಬೂಷ್ಟಿಗೆ ನೀರೂ ಇಲ್ಲ, ಊಟವೂ ಇಲ್ಲ. ನಿಜವಾದ ತೊಡಕು ಒಂದೇ ಬಚ್ಚಲಿರುವ ಮನೆಗಳದ್ದು. ಸಿಲಿಕಾನ್ ಗಾಳಿಯ ತೇವ ಹೀರಿ ಹೊರಗಿನಿಂದ ಒಳಕ್ಕೆ ಗಟ್ಟಿಯಾಗುತ್ತದೆ, ದಿನಕ್ಕೆ ಸುಮಾರು 2–3 ಮಿಲಿಮೀಟರ್ ಮಾತ್ರ. ಮುಟ್ಟಿದರೆ ಅಂಟುತ್ತಿಲ್ಲವೆಂದು ಅದೇ ಸಂಜೆ ಷವರ್ ಬಿಟ್ಟರೆ ಮಾಡಿದ್ದೆಲ್ಲ ವ್ಯರ್ಥ. ಶನಿವಾರ ಬೆಳಗ್ಗೆ ಸ್ನಾನ ಮುಗಿಸಿ ಕಿತ್ತು, ಭಾನುವಾರ ಮಧ್ಯಾಹ್ನ ತುಂಬಿ, ಸೋಮವಾರ ಸಂಜೆಯವರೆಗೆ ಆ ಮೂಲೆಗೆ ನೀರು ಸಿಡಿಯದಂತೆ ದೂರದಲ್ಲಿ ಬಕೆಟ್ಟಿಟ್ಟು ತಂಬಿಗೆಯಲ್ಲಿ ಮೀಯಬಹುದು.