ಕತ್ತರಿಸಿದ ಸ್ಟ್ರಿಪ್‌ನಲ್ಲಿ ಏನಿದೆ?

ತೆಲಂಗಾಣದ ಮಕ್ತಲ್‌ನ ಔಷಧ ಅಂಗಡಿಯಲ್ಲಿ ಒಬ್ಬರು ‘ನೆಗಡಿ ಗುಳಿಗಿ ಕೊಡ್ರಿ’ ಅನ್ನುತ್ತಾರೆ, ಪಕ್ಕದವರು ತೆಲುಗಿನಲ್ಲಿ ‘ಜಲುಬು’ ಅನ್ನುತ್ತಾರೆ. ಇಬ್ಬರ ಕೈಗೂ ಬರುವುದು ಒಂದೇ ಸ್ಟ್ರಿಪ್‌ನಿಂದ ಕತ್ತರಿಸಿದ ಎರಡೆರಡು ಗುಳಿಗೆ. ಎಷ್ಟೋ ಸಲ ಔಷಧದ ಹೆಸರು, ಅವಧಿ ಮುಗಿಯುವ ತಿಂಗಳು ಅಂಗಡಿಯಲ್ಲಿ ಉಳಿದ ತುಂಡಿನ ಮೇಲೇ ಇರುತ್ತವೆ. ನಾರಾಯಣಪೇಟೆ, ಗದ್ವಾಲದಲ್ಲೂ ಬೇರೆಯಲ್ಲ.

ಆ ಒಂದು ಗುಳಿಗೆಯೊಳಗೆ ಸಾಮಾನ್ಯವಾಗಿ ಮೂರು ಔಷಧಗಳಿರುತ್ತವೆ. ಮೈಕೈ ನೋವು, ಜ್ವರಕ್ಕೆ ಪ್ಯಾರಾಸಿಟಮಾಲ್. ಸೀನು, ಸೋರುವ ಮೂಗಿಗೆ ಕ್ಲೋರ್‌ಫೆನಿರಮಿನ್. ಕಟ್ಟಿದ ಮೂಗಿಗೆ ಫಿನೈಲೆಫ್ರಿನ್.

ತೊಂದರೆ ಶುರುವಾಗುವುದು ಮೊದಲನೆಯದರಿಂದ. ಜ್ವರಕ್ಕೆಂದು ಬೇರೆಯಾಗಿ 650 ಮಿ.ಗ್ರಾಂ ಗುಳಿಗೆ ನುಂಗಿದರೆ ಪ್ಯಾರಾಸಿಟಮಾಲ್ ಎರಡು ಪಾಲಾಯಿತು. ದೊಡ್ಡವರಿಗೂ ದಿನಕ್ಕೆ 4 ಗ್ರಾಂ ಮೀರಿದರೆ ಯಕೃತ್ತಿಗೆ ಅಪಾಯ. ದಿನವೂ ಕುಡಿಯುವವರಿಗೆ ಅಷ್ಟೂ ಹೆಚ್ಚು. ಕ್ಲೋರ್‌ಫೆನಿರಮಿನ್ ತೂಕಡಿಕೆ ತರುತ್ತದೆ. ಮಗ್ಗದಲ್ಲಿ ಕೂರುವವರು, ಟ್ರ್ಯಾಕ್ಟರ್ ನಡೆಸುವವರು ಅದನ್ನು ರಾತ್ರಿ ಮಲಗುವಾಗ ತೆಗೆದುಕೊಳ್ಳುವುದೇ ಸರಿ. ಮೇಲೆ ಸೇಂದಿ ಬೇಡವೇ ಬೇಡ.

ಮೂಗು ಕಟ್ಟುವುದು ಸಿಂಬಳವೊಂದರಿಂದಲೇ ಅಲ್ಲ. ಒಳಪೊರೆಯ ರಕ್ತನಾಳಗಳು ಹಿಗ್ಗಿ, ಪೊರೆ ಊದಿ ದಾರಿ ಕಿರಿದಾಗುತ್ತದೆ. ಎಷ್ಟು ಸಿಂಬಳ ತೆಗೆದರೂ ಉಸಿರು ಸಲೀಸಾಗದಿರುವುದು ಅದಕ್ಕೇ. ಫಿನೈಲೆಫ್ರಿನ್ ಆ ನಾಳಗಳನ್ನು ಬಿಗಿಯಬೇಕು. ಆದರೆ ನುಂಗಿದ ಔಷಧದ ಬಹುಪಾಲು ಕರುಳಿನಲ್ಲೇ ಒಡೆದುಹೋಗುತ್ತದೆ. ನುಂಗುವ ರೂಪದಲ್ಲಿ ಅದು ಕೆಲಸ ಮಾಡುವುದಿಲ್ಲವೆಂದು ಅಮೆರಿಕದ ಎಫ್‌ಡಿಎ ಸಲಹಾ ಸಮಿತಿ 2023ರಲ್ಲಿ ಒಮ್ಮತದಿಂದ ಹೇಳಿತು. ಬಿಪಿ ಇರುವವರಂತೂ ವೈದ್ಯರನ್ನು ಕೇಳದೆ ನುಂಗಬಾರದು.

ಮೂಗಿಗೆ ಹಾಕುವ ಕ್ಸೈಲೊಮೆಟಜೋಲಿನ್ ಹನಿ ನಿಮಿಷಗಳಲ್ಲಿ ದಾರಿ ಬಿಡಿಸುತ್ತದೆ. ಆ ಸುಖವೇ ಮೋಸ. ಐದು ದಿನ ದಾಟಿಸಿದರೆ ಹನಿಯ ಪ್ರಭಾವ ಇಳಿದೊಡನೆ ಮೂಗು ಮೊದಲಿಗಿಂತ ಬಿಗಿಯಾಗಿ ಕಟ್ಟುತ್ತದೆ, ಮತ್ತೆ ಹನಿ ಬೇಕಾಗುತ್ತದೆ. ನನ್ನ ಕೇಳಿದರೆ, ಮೊದಲು ಅಂಗಡಿಯಲ್ಲೇ ಸಿಗುವ ಬರೀ ಉಪ್ಪುನೀರಿನ ಹನಿ ಹಾಕಿ ನೋಡಿ.

ಮಕ್ಕಳ ವಿಷಯದಲ್ಲಿ ರಾಜಿ ಇಲ್ಲ. ಕ್ಲೋರ್‌ಫೆನಿರಮಿನ್, ಫಿನೈಲೆಫ್ರಿನ್ ಕೂಡಿದ ಔಷಧವನ್ನು ನಾಲ್ಕು ವರ್ಷದೊಳಗಿನವರಿಗೆ ಕೊಡಬಾರದೆಂದು ಲೇಬಲ್‌ನಲ್ಲಿ ಮುದ್ರಿಸಲು ಭಾರತದ ಔಷಧ ನಿಯಂತ್ರಕರು 2023ರ ಡಿಸೆಂಬರ್‌ನಲ್ಲಿ ಆದೇಶಿಸಿದರು. ಆ ಸಾಲು ಇಂಗ್ಲಿಷಿನ ಸಣ್ಣ ಅಕ್ಷರದಲ್ಲಿರುತ್ತದೆ. ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ತೆಲುಗು ಆಡುವ ತಾಯಿಗೆ ಅಂಗಡಿಯವರೇ ಓದಿ ಹೇಳಬೇಕು.

ಆಂಟಿಬಯೋಟಿಕ್ ಕೇಳಿ ಪಡೆಯಬೇಡಿ, ನೆಗಡಿಯ ವೈರಸ್‌ಗೆ ಅದು ತಾಗುವುದಿಲ್ಲ. ಹತ್ತು ದಿನವಾದರೂ ಇಳಿಯದಿದ್ದರೆ, ಇಳಿದು ಮತ್ತೆ ಏರಿದರೆ, ಕಣ್ಣಿನ ಸುತ್ತ ಊದಿದರೆ ಆಸ್ಪತ್ರೆಗೆ ಹೋಗಿ. ಅಲ್ಲಿ ಏನು ನುಂಗಿದಿರಿ ಎಂದು ಕೇಳುತ್ತಾರೆ. ಅದಕ್ಕೇ ಕತ್ತರಿ ಹಾಕುವ ಮೊದಲು ಸ್ಟ್ರಿಪ್‌ನ ಬೆನ್ನಿನ ಫೋಟೋ ಮೊಬೈಲ್‌ನಲ್ಲಿ ತೆಗೆದಿಟ್ಟುಕೊಳ್ಳಿ.